ಮನೆಗೊಂದು ಕೊಡ

ನಿನ್ನೆ ಸಂಜೆ ಹಳಿಯಾಳದ ಮನೆಯಲ್ಲಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಪರದೆಯ ಮೇಲೆ ಆ ಹಾಳು ಚಕ್ರ ತಿರುಗತೊಡಗಿತು. ನಿಮ್ಮಲ್ಲೂ ತಿರುಗುತ್ತದಲ್ಲ, ಅದೇ. ಓಡಿ ಬಂದ ಬೌಲರ್ ಅಲ್ಲೇ ನಿಂತ. ಬೈಯಲು ಬಾಯಿ ತೆರೆದವನಿಗೆ ಹಿಂದೆ ನಾವು ಬಾಡಿಗೆಗಿದ್ದ ದಾಂಡೇಲಿಯ ಚಾಳದ ಸಾಲುಮನೆ ನೆನಪಾಯಿತು.

ಅಲ್ಲಿ ನಾಲ್ಕು ಮನೆಗೆ ಒಂದೇ ನಳ, ಒಂದೇ ವೈಫೈ. ವೈಫೈ ಪೆಟ್ಟಿಗೆ ಮನೆಯೊಡತಿ ಮೆಹರುನ್ ಖಾಲಾ ಅವರ ಕಪಾಟಿನ ಮೇಲೆ ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಅದರ ಉಸ್ತುವಾರಿ ನನ್ನದು. ಯಾರೂ ಕೊಟ್ಟದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ಸಂಜೆಯಾದರೆ ಎಲ್ಲರೂ ಒಟ್ಟಿಗೆ ಅದಕ್ಕೆ ಮುಗಿಬೀಳುತ್ತಿದ್ದೆವು.

ಕಡೆಯ ಮನೆಯ ಗೌರವ್ವನ ಹತ್ತಿರ ಇದ್ದದ್ದು ಒಂದೇ ಫೋನು. ಮುಂಡಗೋಡದಲ್ಲಿ ಹೊಲಿಗೆ ಮಾಡುವ ಅವಳ ತಂಗಿಗೆ ಕಿವಿ ಕೇಳದು, ಮಾತು ಬಾರದು. ಅಕ್ಕತಂಗಿಯರು ದಿನಾ ಸಂಜೆ ವಿಡಿಯೋದಲ್ಲಿ ಕೈಸನ್ನೆಯಲ್ಲೇ ಹರಟುತ್ತಿದ್ದರು. ಚಿತ್ರ ನಿಂತರೆ ಮಾತೂ ನಿಲ್ಲುತ್ತಿತ್ತು.

"ಆಕಿ ಏನೋ ಹೇಳಾಕ ಕೈ ಎತ್ಯಾಳ್ರಿ, ಅಲ್ಲೇ ನಿಂತೈತಿ. ಹೊಟ್ಟಿ ಬ್ಯಾನಿ ಅಂತಾಳೋ, ನಗೂ ಮಾತು ಹೇಳ್ತಾಳೋ, ಹೆಂಗ ತಿಳೀಬೇಕು?" ಎಂದು ಒಂದು ಸಂಜೆ ಫೋನು ಹಿಡಿದು ನನ್ನ ಮುಂದೆ ನಿಂತಳು.

"ಎಲ್ಲಾ ಫೋನಿಗೂ ಸಮ ಪಾಲು ಹೋಗ್ತೈತಿ ಗೌರವ್ವಾ, ಮೋಸ ಇಲ್ಲ," ಎಂದೆ. ಸುಳ್ಳೇನಲ್ಲ. ಆದರೆ ಆ ಉತ್ತರ ನನಗೇ ರುಚಿಸಲಿಲ್ಲ. ಸಮ ಅಂದಮೇಲೆ ಇವಳೊಬ್ಬಳಿಗೇ ಯಾಕೆ ಸಾಲದು?

ಮರುದಿನ ನಳದ ಹತ್ತಿರವೂ ಅದೇ ಯೋಚನೆ. ತುಂಬಿದ ಕೊಡ ಎತ್ತಿ ಮರೆತು ಇನ್ನೊಂದು ಇಟ್ಟೆ. ಖಾಲಾ ಅದನ್ನು ಬದಿಗೆ ಸರಿಸಿದರು.

"ಪಾಳಿ ಐತ್ರಿ. ನೀವು ಎಷ್ಟರೆ ಕೊಡಾ ತರ್ರಿ, ಒಂದ್ ಸುತ್ತಿಗೆ ಮನಿಗೊಂದು."

ಒಂದೇ ಕೊಡ ತಂದಿದ್ದ ಗೌರವ್ವ ತುಂಬಿಕೊಂಡು ಹೊರಟಳು. ಮುಂದಿನ ಸುತ್ತಿನಲ್ಲಿ ಅವಳು ಬಿಟ್ಟ ಪಾಳಿ ಮಿಕ್ಕವರಿಗೆ ಬಂತು.

ಅಯ್ಯೋ, ಪೆಟ್ಟಿಗೆ ಪಾಲು ಹಂಚುತ್ತಿದ್ದದ್ದು ಫೋನಿಗೆ, ಮನೆಗಲ್ಲ! ನಮ್ಮನೆಯಲ್ಲಿ ಐದು ಜನ, ತಲೆಗೊಂದು ಫೋನು, ಮೇಲೊಂದು ಟೀವಿ. ನಾವು ಆರು ಕೊಡ ತುಂಬಿಕೊಳ್ಳುವಾಗ ಗೌರವ್ವನಿಗೆ ಒಂದು. ಅವತ್ತೇ ಪೆಟ್ಟಿಗೆಗೆ ನಳದ ಕಟ್ಟಳೆ ಕಲಿಸಿದೆ. ಫೋನುಗಳನ್ನು ಮನೆವಾರು ಗುಂಪು ಮಾಡಿ ಗುಂಪಿಗೊಂದು ಪಾಲು; ಒಬ್ಬರು ಬಳಸದೆ ಬಿಟ್ಟದ್ದು ಉಳಿದವರಿಗೆ.

ಸಂಜೆ ಗೋಡೆಯಾಚೆ ಗೌರವ್ವ ನಗುವುದು ಕೇಳಿಸಿತು. ಈಚೆ ನಮ್ಮ ಟೀವಿಯಲ್ಲಿ ಪಂದ್ಯ ನಿಂತಿತ್ತು.

"ನಿಮ್ಮ ಶಾಣ್ಯಾತನ ನಮ್ಮನಿಗೇ ಬಂತು ನೋಡ್ರಿ," ಎಂದಳು ಹೆಂಡತಿ. ಹಾಗೆಂದವಳೂ ಗೋಡೆಯ ಕಡೆ ಕಿವಿಗೊಟ್ಟೇ ಕೂತಿದ್ದಳು.

ಈಗಿನ ವೈಫೈ ನಮ್ಮೊಬ್ಬರದೇ. ಆದರೂ ಹೊರಗಿನ ತಂತಿ ಓಣಿಗೆಲ್ಲ ಒಂದೇ ಅಲ್ಲವೇ? ನಿನ್ನೆ ಬೈಗುಳ ನುಂಗಿಕೊಂಡು ಪಂದ್ಯ ಬಂದ್ ಮಾಡಿದೆ. ಓಣಿಯಲ್ಲಿ ಯಾರ ಕೈ ಅರ್ಧಕ್ಕೆ ನಿಂತಿದೆಯೋ ಏನೋ, ಹೇಳುವುದನ್ನು ಹೇಳಿ ಮುಗಿಸಲಿ.