ಅಣ್ಣನ ಬೆಸುಗೆ

ನಮ್ಮ ಮನೆಯಲ್ಲಿ ಬೆಸುಗೆ ಹಾಕುವುದು ಅಣ್ಣನ ಕೆಲಸ, ಕೋಡ್ ಬರೆಯುವುದು ನನ್ನ ಕೆಲಸ. ಹಾಗಂತ ಯಾರೂ ಹಂಚಿಕೊಟ್ಟಿರಲಿಲ್ಲ. ನಾನು ಶಿಕಾರಿಪುರದಲ್ಲಿ ಪಿಯುಸಿ ಓದುತ್ತಿದ್ದೆ, ಅವನು ಅಲ್ಲೇ ಡಿಗ್ರಿಯ ಕೊನೆಯ ವರ್ಷದಲ್ಲಿದ್ದ. ಇಬ್ಬರದೂ ವಿಡಿಯೊ ನೋಡಿ ಕಲಿತ ವಿದ್ಯೆ. ಮೊದಲು ಒಂದು ಪುಟ್ಟ ದೀಪ ಮಿನುಗಿಸಿದೆವು. ಆಮೇಲೆ ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಗಂಟೆ ಮಾಡಿದೆವು. ಅದಾದ ಮೇಲೆ, ಗೋಡೆ ಅಡ್ಡ ಬಂದರೆ ತಾನೇ ತಿರುಗಿಕೊಳ್ಳುವ ಗಾಡಿ. ಅದು ಗೋಡೆ ಕಂಡರೆ ತಿರುಗುತ್ತಿತ್ತು, ಅಮ್ಮನ ಕಾಲು ಕಂಡರೆ ಮಾತ್ರ ನೇರ ಹೋಗಿ ಗುದ್ದುತ್ತಿತ್ತು.

ಅಣ್ಣನ ಕೈ ಅಲುಗುತ್ತಿರಲಿಲ್ಲ. ಕಾದ ಬೆಸುಗೆ ಕಡ್ಡಿಯನ್ನು ತಂತಿಗೆ ಮುಟ್ಟಿಸಿ, ಸೀಸ ಕರಗಿ ಹರಿದ ಕೂಡಲೇ ಎತ್ತಿಬಿಡುತ್ತಿದ್ದ. ಆ ಜಾಗದಲ್ಲಿ ಹೊಳೆಯುವ ಒಂದು ಹನಿ ಉಳಿಯುತ್ತಿತ್ತು. ಕೆಲಸ ಮುಗಿದ ಮೇಲೆ ಹಳೆಯ ಲ್ಯಾಪ್‌ಟಾಪಿನಲ್ಲಿ ಕಾರ್ ರೇಸ್ ಆಡುತ್ತಿದ್ದೆವು. ಕೀಬೋರ್ಡ್ ಒಂದೇ. ಬಲಗಡೆಯ ಬಾಣದ ಕೀಗಳು ಅವನಿಗೆ, ಎಡಗಡೆಯ ಅಕ್ಷರಗಳು ನನಗೆ. ಸೋಲುವ ಹಾಗೆ ಕಂಡರೆ ಮೊಣಕೈಯಿಂದ ನನ್ನನ್ನು ತಿವಿಯುತ್ತಿದ್ದ.

ಆ ವರ್ಷದ ಸುಗ್ಗಿಯಲ್ಲಿ ತಾಳಗುಂದದ ಕಡೆ ಇರುವ ನಮ್ಮ ಹೊಲಕ್ಕೆ ಮೆಕ್ಕೆಜೋಳ ಒಕ್ಕುವ ಮಷೀನು ಬಂದಿತ್ತು. ಅಪ್ಪನೂ ಅಣ್ಣನೂ ತೆನೆ ಸುರಿಯುತ್ತಿದ್ದರಂತೆ. ತೆನೆ ಸಿಕ್ಕಿಕೊಂಡಿತು, ಅಣ್ಣ ಬಲಗೈಯಿಂದ ಒಳಗೆ ತಳ್ಳಲು ಹೋದ. ನಾನು ಕಾಲೇಜಿನಲ್ಲಿದ್ದೆ. ನಾನೂ ಅಮ್ಮನೂ ಶಿವಮೊಗ್ಗದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಪರೇಷನ್ ಆಗಿಹೋಗಿತ್ತು. ಹೆಬ್ಬೆರಳು, ಕಿರುಬೆರಳು ಉಳಿದಿದ್ದವು. ನಡುವಿನ ಮೂರು ಇರಲಿಲ್ಲ. ಅಪ್ಪ ಬಾಗಿಲ ಹೊರಗೆ ನಿಂತೇ ಇದ್ದ. ಅಂಗಿಯ ಮೇಲಿನ ಜೋಳದ ಹೊಟ್ಟನ್ನೂ ಕೊಡವಿಕೊಂಡಿರಲಿಲ್ಲ.

ಮನೆಗೆ ಬಂದ ಮೇಲೆ ಅಣ್ಣ ಮಾತು ಕಡಿಮೆ ಮಾಡಿದ. ನೋಡಲು ಬಂದವರು ಏನಾದರೂ ಕೇಳಿದರೆ ಅಮ್ಮನೇ ಉತ್ತರ ಕೊಡುತ್ತಿದ್ದಳು. ಲ್ಯಾಪ್‌ಟಾಪನ್ನು ನನ್ನ ಕಡೆಗೆ ಸರಿಸಿ, "ನೀನೇ ಇಟ್ಕೊಳೇ" ಅಂದ. ಅಪ್ಪನಂತೂ ಅವನ ಎದುರು ಕೂರುತ್ತಲೇ ಇರಲಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ಉಂಡು ಎದ್ದುಹೋಗುತ್ತಿದ್ದ. ಅಣ್ಣ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಬಾಯಿಗಿಡುವುದನ್ನು ಅಪ್ಪನಿಂದ ನೋಡಲಾಗುತ್ತಿರಲಿಲ್ಲ.

ನನಗೆ ತೋಚಿದ್ದು ಒಂದೇ. ವಿಡಿಯೊಗಳಲ್ಲಿ ಯಂತ್ರದ ಕೈ ಮಾಡುವುದನ್ನು ನೋಡಿದ್ದೆ. ರಟ್ಟು ಕತ್ತರಿಸಿ ಬೆರಳು ಮಾಡಿದೆ, ಜ್ಯೂಸ್ ಕುಡಿಯುವ ಕೊಳವೆಗಳಲ್ಲಿ ದಾರ ಪೋಣಿಸಿದೆ, ದಾರ ಎಳೆಯಲು ಚಿಕ್ಕ ಮೋಟಾರುಗಳನ್ನು ಕಟ್ಟಿದೆ. ತಂತಿ ತಿರುಚಿ ಟೇಪು ಸುತ್ತಿದ್ದೆ, ಬೆಸುಗೆ ನನಗೆ ಬರುತ್ತಿರಲಿಲ್ಲ. ಬಟನ್ ಒತ್ತಿದರೆ ಬೆರಳುಗಳು ನಡುಗುತ್ತ ಮಡಚಿಕೊಳ್ಳುತ್ತಿದ್ದವು. ಖಾಲಿ ಲೋಟ ಹಿಡಿಯಲೂ ಬಲ ಸಾಲದು. ಆದರೂ ಖುಷಿಯಿಂದ ತಂದು ಅಣ್ಣನ ಮುಂದಿಟ್ಟೆ.

ಅವನು ತುಂಬ ಹೊತ್ತು ಅದನ್ನೇ ನೋಡಿದ.

"ಯಾರು ಕೇಳಿದ್ರು ನಿನ್ನ?" ಅಂದ.

"ಯಾರೂ ಕೇಳ್ಲಿಲ್ಲ ಅಣ್ಣ, ನಾನೇ..."

"ನನ್ನ ಮುಂದೆ ತರಬ್ಯಾಡ ಇದನ್ನ. ಗೊಂಬಿ ಕೈ ಕಟ್ಕೊಂಡು ಓಡಾಡ್ಲಾ ನಾನು?"

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ದನಿ ಒಡೆದಿತ್ತು. ಅದೇ ವಾರ ಅವನು ಸೊರಬದ ಚಿಕ್ಕಮ್ಮನ ಮನೆಗೆ ಹೋಗಿಬಿಟ್ಟ. ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಅಲ್ಲಿ ಪರಿಚಯದವರು ಕಡಿಮೆ, ಕೈ ನೋಡಿ ಲೊಚಗುಟ್ಟುವವರೂ ಕಡಿಮೆ.

ರಟ್ಟಿನ ಕೈಯನ್ನು ನಾನು ಬಿಚ್ಚಿಹಾಕಿದೆ. ಬಿಚ್ಚುತ್ತಾ ಕೂತಾಗ ಬೇರೊಂದು ಯೋಚನೆ ಬಂತು. ನಿಜವಾದ ಕಾರಿನಲ್ಲಿ ವೇಗ, ಬ್ರೇಕ್ ಎರಡೂ ಇರುವುದು ಕಾಲಿನಲ್ಲಿ. ಹಾಗಿದ್ದರೆ ಆಟದಲ್ಲೂ ಯಾಕಿರಬಾರದು? ಪ್ಲೈವುಡ್ಡಿನ ತುಂಡುಗಳ ನಡುವೆ ಸ್ಪ್ರಿಂಗ್ ಇಟ್ಟು, ಕೆಳಗೆ ಸ್ವಿಚ್ ಕೂರಿಸಿ ಎರಡು ಪೆಡಲ್ ಮಾಡಿದೆ. ಪೆಡಲ್ ತುಳಿದರೆ ಕೀ ಒತ್ತಿದಂತೆ ಲ್ಯಾಪ್‌ಟಾಪಿಗೆ ತಿಳಿಯುವ ಹಾಗೆ, ಅವುಗಳಿಗೆ ಜೋಡಿಸಿದ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಕೋಡ್ ಹಾಕಿದೆ. ಕಾಲು ತಾಗಿದರೆ ಟೇಪು ಕಿತ್ತುಬರುತ್ತಿದ್ದರಿಂದ ಈ ಸಲ ಬೆಸುಗೆ ಹಾಕಲೇಬೇಕಾಯಿತು. ಬೆರಳು ಸುಟ್ಟುಕೊಂಡು ಹೇಗೋ ಹಾಕಿದೆ.

ಅವನಿಗೆ ಪರೀಕ್ಷೆ ಹತ್ತಿರ ಬಂದಿತ್ತು. "ಹೋಗಿ ಕರ್ಕೊಂಡು ಬಾ, ನಿನ್ನ ಮಾತಾದ್ರೂ ಕೇಳ್ತಾನೇನೋ" ಅಂತ ಅಮ್ಮ ನನ್ನನ್ನು ಸೊರಬದ ಬಸ್ಸು ಹತ್ತಿಸಿದಳು. ಲ್ಯಾಪ್‌ಟಾಪು, ಪೆಡಲುಗಳನ್ನು ಚೀಲದಲ್ಲಿ ತುಂಬಿ ತೊಡೆಯ ಮೇಲಿಟ್ಟುಕೊಂಡೆ. ಮತ್ತೆ ಅದೇ ಮಾತು ಕೇಳಬೇಕಾಗುತ್ತದೇನೋ ಎಂದು ದಾರಿಯುದ್ದಕ್ಕೂ ಭಯ.

ಚಿಕ್ಕಮ್ಮ ಬಾಗಿಲಲ್ಲೇ ದನಿ ತಗ್ಗಿಸಿ ಹೇಳಿದಳು: "ಉಣ್ತಾನೆ, ಮಲಗ್ತಾನೆ. ಮಾತು ಮಾತ್ರ ಎಂತದೂ ಇಲ್ಲ ಮಾರಾಯ್ತಿ. ಮೊನ್ನೆ ನಿನ್ ಚಿಕ್ಕಪ್ಪ ಗುಡವಿ ಪಕ್ಷಿಧಾಮಕ್ಕೆ ಕರ್ಕೊಂಡು ಹೋಗಿದ್ರು. ಹಕ್ಕಿ ನೋಡ್ತಾ ಕೂತವನು, ಕತ್ತಲಾದ್ರೂ ಏಳಲಿಲ್ಲಂತೆ."

ಅಣ್ಣ ಒಳಕೋಣೆಯ ಮಂಚದ ಮೇಲೆ ಕೂತಿದ್ದ. ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ. ನಾನು ಪೆಡಲುಗಳನ್ನು ಹೊರಗೆ ತೆಗೆದು ನೆಲದ ಮೇಲಿಟ್ಟೆ.

"ನಿಂಗೆ ಅಂತಲ್ಲ ಅಣ್ಣ. ಇಬ್ಬರೂ ಆಡೋಕೆ. ಬ್ಯಾಡ ಅಂದ್ರೆ ವಾಪಸ್ ಒಯ್ತೀನಿ."

ಅವನು ಕಾಲಿನಿಂದ ಒಂದು ಪೆಡಲನ್ನು ತನ್ನ ಕಡೆ ಎಳೆದುಕೊಂಡ. ಎಳೆದ ರಭಸಕ್ಕೆ ತಂತಿಯೊಂದು ಕಿತ್ತುಬಂತು. ನನಗೆ ಅಳುವೇ ಬಂತು. ಅವನು ಬಗ್ಗಿ ಪೆಡಲನ್ನು ಎತ್ತಿ ತಿರುಗಿಸಿ ನೋಡಿದ.

"ಇದು ಬೆಸುಗೆನಾ?" ಅಂದ. "ಕಾಗೆ ಹಿಕ್ಕೆ ಇದ್ದಂಗೈತಲ್ಲೇ."

"ನಂಗೆ ಯಾರು ಕಲಿಸಿದ್ರು?"

ಅವನ ಮುಖದಲ್ಲಿ ಏನೋ ಸಡಿಲವಾಯಿತು. "ಕಡ್ಡಿ ತಂದೀಯಾ?" ಅಂತ ಕೇಳಿದ. ಚೀಲದಲ್ಲಿತ್ತು.

ಟವೆಲ್ ಬಿಚ್ಚಿದ. ಗಾಯ ಮಾಗಿದ ಮೇಲೆ ಆ ಕೈಯನ್ನು ಹಗಲು ಬೆಳಕಿನಲ್ಲಿ ನಾನು ನೋಡಿದ್ದು ಅವತ್ತೇ. ಎಡಗೈಯಲ್ಲಿ ಕಡ್ಡಿ ಹಿಡಿದ. ಬಲಗೈಯ ಹೆಬ್ಬೆರಳು, ಕಿರುಬೆರಳ ನಡುವೆ ಸೀಸದ ತಂತಿ ಹಿಡಿಯಲು ನೋಡಿದ. ಜಾರಿತು. ಎತ್ತಿಕೊಡಲು ಹೋದೆ, "ಬಿಡು" ಅಂದ. ಮತ್ತೆ ಜಾರಿತು. ಮತ್ತೆ ಹಿಡಿದ. ಹಣೆಯಲ್ಲಿ ಬೆವರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೊನೆಗೂ ಸೀಸ ಕರಗಿ ಕೂತಿತು. ಹನಿ ಮೊದಲಿನ ಹಾಗೆ ದುಂಡಗಿರಲಿಲ್ಲ. ಅವನು ತಂತಿಯನ್ನು ಎಳೆದು ಎಳೆದು ನೋಡಿದ, ಬರಲಿಲ್ಲ.

ಆಮೇಲೆ ಆಡಿದೆವು. ಅವನಿಗೆ ಎಡಗೈಯಲ್ಲಿ ತಿರುವು, ಕಾಲಲ್ಲಿ ವೇಗ. ಪ್ರತಿ ತಿರುವಿನಲ್ಲೂ ಅವನ ಕಾರು ರಸ್ತೆ ಬಿಟ್ಟು ಹುಲ್ಲಿಗಿಳಿಯಿತು. ನಾನು ನಿಧಾನ ಮಾಡಿದ್ದು ಅವನಿಗೆ ಗೊತ್ತಾಯಿತು.

"ನೀನು ಬಿಟ್ಟುಕೊಟ್ರೆ ನಾನು ಎದ್ದು ಹೋಗ್ತೀನಿ" ಅಂದ. ಮುಂದಿನ ಆಟದಲ್ಲಿ ನಾನು ಬಿಟ್ಟುಕೊಡಲಿಲ್ಲ. ಸೋತ. ಪೆಡಲುಗಳನ್ನು ಕಾಲಿನಿಂದ ತಡವಿ ನೋಡಿ, "ಬ್ರೇಕಿನ ಪೆಡಲು ಬಾಳ ಹತ್ತಿರ ಆಯ್ತು, ಆಚೆ ಸರಿಸಬೇಕು" ಅಂದ. ಇನ್ನು ಮೇಲೆ ಏನು ಮಾಡುವುದಿದ್ದರೂ ತನ್ನನ್ನು ಕೇಳಿಯೇ ಮಾಡಬೇಕು ಅಂತಲೂ ಹೇಳಿದ. ಆಗಲಿ ಅಂದೆ.

ಮರುದಿನ ಇಬ್ಬರೂ ಶಿಕಾರಿಪುರಕ್ಕೆ ಬಂದೆವು. ಪರೀಕ್ಷೆಯನ್ನು ಎಡಗೈಯಲ್ಲೇ ಬರೆದ. ಒಂದು ವಿಷಯ ಹೋಯಿತು, ಮತ್ತೆ ಕಟ್ಟಿ ಪಾಸಾದ. ಚಳಿ ಹೆಚ್ಚಾದರೆ ಇಲ್ಲದ ಬೆರಳುಗಳು ನೋಯುತ್ತವೆ ಅನ್ನುತ್ತಾನೆ. ಅದಕ್ಕೆ ನನ್ನ ಹತ್ತಿರ ಯಾವ ಕೋಡೂ ಇಲ್ಲ.

ಅವನು ಕಾದ ಕಡ್ಡಿ ಹಿಡಿದರೆ ಅಪ್ಪ ಆ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಭಾನುವಾರ ನಾವು ಆಡುತ್ತಿದ್ದಾಗ ಮಾತ್ರ ಬಂದು ಹಿಂದೆ ನಿಂತ. ನಿಂತವನು ಹಾಗೇ ಕೆಳಗೆ ಕೂತ, ಅಣ್ಣನ ಪಕ್ಕದಲ್ಲಿ.

"ಇದ್ರಾಗ ನಿನ್ನ ಗಾಡಿ ಯಾವ್ದೋ?"

"ಕೆಂಪಂದು. ಹಿಂದೆ ಐತಲ್ಲ, ಅದು."

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಅಣ್ಣನ ಬಲಗೈ ತೊಡೆಯ ಮೇಲೆ ತೆರೆದೇ ಇತ್ತು. ಅಪ್ಪ ಅದನ್ನೂ ನೋಡಿದ. ನೋಡಿ ಕಣ್ಣು ತೆಗೆಯಲಿಲ್ಲ. ರೇಸು ಮುಗಿಯಿತು, ಕೆಂಪು ಕಾರು ಕೊನೆಯಲ್ಲಿ ಬಂತು.

"ಇನ್ನೊಂದು ಸಲ ಆಡು," ಅಂದ ಅಪ್ಪ. "ನಾನು ಇಲ್ಲೇ ಕೂತಿರ್ತೀನಿ."