ಇಲ್ಲದ ಕ್ಲಚ್ಚಿನ ಮಾನ

ಮಂಡಿ ಆಪರೇಷನ್ ಆದಮೇಲೆ ಇನ್ನು ಕ್ಲಚ್ ತುಳಿಯುವುದು ಬೇಡವೆಂದು ಡಾಕ್ಟರು ಅಪ್ಪನಿಗೆ ಹೇಳಿಬಿಟ್ಟರು. ಅರ್ಧ ಆಯುಸ್ಸು ಟ್ರಾಕ್ಟರಿನಲ್ಲಿ ಕಬ್ಬು ಹೊಡೆದ ಮನುಷ್ಯ ಪಾಂಡವಪುರದ ನಮ್ಮ ಮನೆಯ ಜಗುಲಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಡ್ರೈವರುಗಳ ತಪ್ಪು ಎಣಿಸತೊಡಗಿದ. ಅದನ್ನು ಕೇಳಲಾರದೆ ನನ್ನ ಕಂಪ್ಯೂಟರಿಗೆ ಟ್ರಾಕ್ಟರ್ ಆಟವೊಂದನ್ನು ಹಾಕಿಕೊಟ್ಟೆ. ಅದರಲ್ಲಿ ಕ್ಲಚ್ ಇಲ್ಲ, ಬಾಣದ ಗುರುತಿನ ನಾಲ್ಕು ಗುಂಡಿ ಅಷ್ಟೆ. ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಕೂತ. ಎದುರಿಗೆ ಬಂದ ಆಟದ ಲಾರಿಗಳಿಗೆಲ್ಲ ಕೈ ಎತ್ತಿದ. ವಾರದೊಳಗೆ ಎರಡು ಟ್ರೇಲರ್ ಕಬ್ಬಿನ ಸಮೇತ ಒಂದೇ ಸಲಕ್ಕೆ ರಿವರ್ಸ್ ಹಾಕುವಷ್ಟು ಪಳಗಿದ.

ಅದನ್ನು ವಿಡಿಯೋ ಮಾಡಿ ಸಂತೆಬಾಚಹಳ್ಳಿಯ ನನ್ನ ಸೋದರಮಾವನಿಗೆ ಕಳಿಸು ಎಂದ. ಮಾವ ಅಪ್ಪನ ಹತ್ತಿರವೇ ಕೆಲಸ ಕಲಿತು ಡ್ರೈವರಾದವನು. ಇಬ್ಬರಲ್ಲಿ ಯಾರ ಕೈ ನಯ ಎನ್ನುವ ಜಗಳ ನಾನು ಹುಟ್ಟುವ ಮೊದಲಿನದು. ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಇದೇನು ಮಹಾ ಅಂದುಕೊಂಡು ಸೆಟ್ಟಿಂಗುಗಳನ್ನೆಲ್ಲ ತುದಿಗೆ ಏರಿಸಿದೆ. ಅತಿ ದೊಡ್ಡ ಚಿತ್ರ, ಸೆಕೆಂಡಿಗೆ ಅರವತ್ತು ಫ್ರೇಮು. ರೆಕಾರ್ಡ್ ಆದದ್ದನ್ನು ನೋಡದೆಯೇ ಕಳಿಸಿಯೂ ಬಿಟ್ಟೆ. ವಿಡಿಯೋ ತಡೆತಡೆದು, ಜಗ್ಗಿ ಜಗ್ಗಿ ಓಡುತ್ತಿತ್ತಂತೆ.

ಹತ್ತೇ ನಿಮಿಷಕ್ಕೆ ಮಾವನ ಫೋನು ಬಂತು. "ಏನ್ ಬಾವ, ಕ್ಲಚ್ ಬುಡಾದೇ ಮರ್ತೋಯ್ತಾ? ಕಪ್ಪೆ ಕುಪ್ಪಳಿಸ್ದಂಗೆ ಓಯ್ತಾ ಅದಲ್ಲ ಗಾಡಿ!"

"ಅದ್ರಲ್ಲಿ ಕ್ಲಚ್ಚೇ ಇಲ್ಲ ಕಣ್ಲಾ!" ಎಂದು ಅಪ್ಪ ಕೂಗಿದ.

"ಇಲ್ದಿರಾ ಕ್ಲಚ್ಚನ್ನೇ ಇಂಗ್ ಬುಟ್ರೆ, ಇರಾದ್ನ ಎಂಗ್ ಬುಡ್ತಿದ್ದೆ ಯೋಳು!"

ಅಪ್ಪ ಫೋನಿಟ್ಟು ನನ್ನ ಕಡೆ ತಿರುಗಿದ. "ನೋಡವ್ವ, ಅವ್ನೀಗ ಊರ್ಗೆಲ್ಲಾ ತೋರುಸ್ತಾನೆ. ಕಾಲ್ ಜೊತೆ ಕೈಯೂ ಓಯ್ತು ಅಂತಾರೆ." ಅಪ್ಪನ ಕೈ ಚೆನ್ನಾಗಿಯೇ ಇತ್ತು, ಕೆಟ್ಟದ್ದು ನನ್ನ ಸೆಟ್ಟಿಂಗು.

ಕಂಪ್ಯೂಟರಿಗೆ ಹಗುರಾಗಲೆಂದು ಗಿಡಗಳ ವಿವರ ಇಳಿಸಿದೆ. ಕಬ್ಬಿನ ಗರಿಯೆಲ್ಲ ಮಾಯವಾಗಿ ಬರೀ ಕಡ್ಡಿ ನಿಂತವು. ಆ ವಿಡಿಯೋ ಕಳಿಸಿದರೆ, "ಬೆಳೆಗೆ ನೀರ್ ಬುಟ್ಟಿಲ್ವಾ ಬಾವ?" ಎಂದ ಮಾವ. ದೂರದ ನೋಟ ಕಡಿಮೆ ಮಾಡಿದರೆ ಪಕ್ಕದ ಹೊಲವೇ ಕಾಣದಾಯಿತು. "ಪಕ್ಕದೋನ ಜಮೀನ್ನೂ ನುಂಗಾಕ್ಬುಟ್ಯಾ?" ಎಂದ. ಬಿಟ್‌ರೇಟು ಇಳಿಸಿ ವಿಡಿಯೋಗೆ ಸೆಕೆಂಡಿಗಿಷ್ಟೆಂದು ಕೊಡುವ ಮಾಹಿತಿ ಕಡಿಮೆ ಮಾಡಿದೆ, ಚಿತ್ರವೆಲ್ಲ ಕಲಸಿಕೊಂಡು ಹೊಲದ ಬದು ಅಳಿಸಿಹೋಯಿತು. ಈ ಸಲ ಕೆರಳಿದವನು ಅಪ್ಪನೇ. "ನಾನ್ಯಾವತ್ತೂ ಯಾರ ಬದಾನೂ ಒತ್ದೋನಲ್ಲ. ಇದ್ನ ಕಳುಸ್ಬ್ಯಾಡ!" ಎಲ್ಲೂ ಇಲ್ಲದ ಹೊಲದ ಬದುವಿಗಾಗಿ ಅಪ್ಪ ಮಗಳು ಒಂದಿಡೀ ಮಧ್ಯಾಹ್ನ ಮಾತು ಬಿಟ್ಟೆವು.

ಕೊನೆಗೆ ದಾರಿ ತೋರಿಸಿದವನೂ ಅಪ್ಪನೇ. ಆಟ ನಡೆಸುವುದು, ಅದನ್ನೇ ವಿಡಿಯೋ ಮಾಡುವುದು, ಎರಡೂ ಪ್ರೊಸೆಸರ್ ಒಂದರ ಮೇಲೇ ಬೀಳುತ್ತಿದೆ ಎಂದು ನಾನು ಗೊಣಗುತ್ತಿದ್ದೆ.

"ಒಂದೇ ಇಂಜನ್ಗೆ ಎಲ್ಡು ಲೋಡಾ? ದಿಣ್ಣೇಲಿ ಎಂಗ್ ಎಳದಾತು? ಇನ್ನೊಂದ್ ಇಂಜನ್ ಇಲ್ವಾ ಅದ್ರಲ್ಲಿ?"

ಇತ್ತು. ಗ್ರಾಫಿಕ್ಸ್ ಕಾರ್ಡಿನಲ್ಲಿ ವಿಡಿಯೋ ಕೆಲಸಕ್ಕೆಂದೇ ಬೇರೆ ಭಾಗವಿದೆ. ಲ್ಯಾಬಿನಲ್ಲಿ ಮಕ್ಕಳಿಗೆ ವರ್ಷಗಟ್ಟಲೆ ಹೇಳಿದ್ದು ನನಗೇ ಹೊಳೆದಿರಲಿಲ್ಲ, ನಾಚಿಕೆಯಾಯಿತು. ರೆಕಾರ್ಡಿಂಗನ್ನು ಅದಕ್ಕೆ ವಹಿಸಿದೆ. ಆಟವನ್ನೂ ವಿಡಿಯೋವನ್ನೂ ಸೆಕೆಂಡಿಗೆ ಮೂವತ್ತು ಫ್ರೇಮಿಗೆ ನಿಲ್ಲಿಸಿದೆ. ಚಿತ್ರದ ಅಳತೆ ಒಂದು ಮೆಟ್ಟಿಲು ಇಳಿಸಿ, ಬಿಟ್‌ರೇಟನ್ನು ಮೇಲೆತ್ತಿ, ಕಬ್ಬಿಗೆ ಗರಿ ವಾಪಸು ಕೊಟ್ಟೆ. ಟ್ರಾಕ್ಟರು ಎಣ್ಣೆ ಹಚ್ಚಿದ ಹಾಗೆ ಜಾರಿಕೊಂಡು ಹೋಯಿತು. ಬದು ತನ್ನ ಜಾಗದಲ್ಲೇ ಇತ್ತು.

ಇದನ್ನು ಎದುರಿಗೇ ತೋರಿಸಬೇಕೆಂದು ಅಪ್ಪ ಭಾನುವಾರ ಮಾವನನ್ನು ಬಾಡೂಟಕ್ಕೆ ಕರೆಸಿದ. ಮಾವ ಉಂಡು, ಕೈ ತೊಳೆದು ಬಂದು, ವಿಡಿಯೋವನ್ನು ಕೊನೆಯವರೆಗೆ ಮಿಸುಕದೆ ನೋಡಿದ. ಅಪ್ಪ ಪರದೆ ನೋಡಲೇ ಇಲ್ಲ, ಮಾವನ ಮುಖವನ್ನೇ ನೋಡುತ್ತಿದ್ದ.

"ಚೆನ್ನಾಗದೆ," ಎಂದ ಮಾವ. "ಯಾರ್ ಓಡ್ಸಿರಾದು, ಮಗಳಾ?"

"ನಾನ್ ಕಣ್ಲಾ!"

"ಸುಮ್ಕಿರು ಬಾವ. ನಿನ್ ಟ್ರೇಲರ್ನಾಗೆ ಕಬ್ಬಿನ್ ಮ್ಯಾಲೆ ಕುಂತು ಎಷ್ಟ್ ಸಲ ಫ್ಯಾಕ್ಟ್ರಿಗ್ ಬಂದಿವ್ನಿ! ನೀನ್ ಜಗ್ಗಾದು ನನ್ ಸೊಂಟಕ್ ಗೊತ್ತಿಲ್ವಾ? ಮೊದ್ಲು ಕಳ್ಸಿದ್ಯಲ್ಲ, ಅದು ನೀನೇಯ. ನಿನ್ ಜೊತೇಲೇ ಬಂದಂಗಾಯ್ತು ಕಣ. ದಿನಾ ಒಂದ್ಸಲ ಆಕ್ಕೊಂಡ್ ನೋಡ್ತೀನಿ. ಯಾರ್ಗೂ ತೋರ್ಸಿಲ್ಲ."

ಅಪ್ಪ ಈಗ ಬೈಯುತ್ತಾನೆ ಎಂದು ನಾನು ಕಾದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಇನ್ನೊಂದು ಕುರ್ಚಿ ಎಳೆದು ತನ್ನ ಪಕ್ಕಕ್ಕೆ ಹಾಕಿ, ಆಟ ಶುರುಮಾಡಿದ. ಮಾವ ಬಂದು ಕೂತ. ಮೊದಲ ತಿರುವು ಬರುತ್ತಿದ್ದಂತೆ ಅವನು ಎರಡೂ ಕೈಯಲ್ಲಿ ಮೇಜಿನ ಅಂಚನ್ನು ಹಿಡಿದುಕೊಂಡದ್ದನ್ನು ಕಂಡು ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಗಟ್ಟಿಯಾಗ್ ಇಡ್ಕಳ್ಲಾ, ದಿಣ್ಣೆ ಬತ್ತಾ ಅದೆ."