ಯಲ್ಲೇಶನಿಗೆ ತಲುಪದ ಪತ್ರ

ಖಾನಾಪುರದ ಯಲ್ಲೇಶ ಗೆಳೆಯ ಪ್ರಸಾದನ ಜೊತೆ ಸೇರಿ, ನೂಲು ಕಡಿದಾಗ ವಿದ್ಯುತ್ ಮಗ್ಗ ನಿಲ್ಲಿಸುವ ಪೆಟ್ಟಿಗೆಯೊಂದನ್ನು ಬೆಳಗಾವಿಯಲ್ಲಿ ತಯಾರಿಸಿದ್ದ. ಒಳಗೆ ಓಡುತ್ತಿದ್ದುದು ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಲಿನಕ್ಸ್ ತಂತ್ರಾಂಶ. ಯಲ್ಲೇಶ ಅದರ ಕೋಡ್ ತಿದ್ದಿ ತನ್ನದೇ ಬೇರೆ ಆವೃತ್ತಿ ಮಾಡಿಕೊಂಡಿದ್ದ. ಪೆಟ್ಟಿಗೆ ಕೊಂಡವರು ಕೇಳಿದರೆ ತಿದ್ದಿದ ಕೋಡ್ ಕೊಡಲೇಬೇಕೆಂದು ಲಿನಕ್ಸ್‌ನ ಲೈಸೆನ್ಸ್ ಹೇಳುತ್ತಿತ್ತು.

"ಯಾರರ ಕೋಡ್ ಕೇಳ್ಯಾರೇನಲೇ?" ಎಂದು ಯಲ್ಲೇಶ, ಮಾರಾಟ ನೋಡಿಕೊಳ್ಳುತ್ತಿದ್ದ ಪ್ರಸಾದನನ್ನು ವಿಚಾರಿಸುತ್ತಿದ್ದ.

"ಶಹಾಪುರ ಪ್ಯಾಟ್ಯಾಗ ನೇಕಾರರ ಕಡೆ ಸೀರಿ ಕೇಳ್ತಾರೋ, ನಿನ್ನ ಕೋಡ್ ಯಾರಿಗೆ ಬೇಕು?" ಎನ್ನುತ್ತಿದ್ದ ಪ್ರಸಾದ. ಪೆಟ್ಟಿಗೆ ಕೊಂಡಿದ್ದ ಮಗ್ಗದ ಮಾಲೀಕ ದುಂಡಪ್ಪ ಕೋಡ್ ಕೇಳಿ ಯಲ್ಲೇಶನಿಗೆ ಬರೆದ ಪತ್ರವನ್ನು, ಬೇರೆಯವರು ನಕಲು ಮಾಡಿಯಾರೆಂಬ ಭಯದಿಂದ ಪ್ರಸಾದನೇ ಮುಚ್ಚಿಟ್ಟಿದ್ದ.

2003ರಲ್ಲಿ ಯಲ್ಲೇಶ ಕಾಮಾಲೆಯಿಂದ ತೀರಿಕೊಂಡ. ಮರುವಾರ ಪ್ರಸಾದ ಕೋಡ್ ತುಂಬಿದ ಸಿಡಿ ಹಿಡಿದು ದುಂಡಪ್ಪನ ಮನೆಗೆ ಹೋದ.

"ಕೊಡಲಿಲ್ಲಂತ ಯಲ್ಲೇಶಗ ಓಣಿ ತುಂಬ ಬೈದೀನಲ್ರೀ," ಎಂದ ದುಂಡಪ್ಪ.

"ಪತ್ರ ಅವಗ ಮುಟ್ಟೇ ಇಲ್ರೀ. ನಾನಽ ಮುಚ್ಚಿಟ್ಟಿದ್ದೆ."

ದುಂಡಪ್ಪ ಸಿಡಿ ತೆಗೆದುಕೊಂಡ, ಕುಂದರ್ರಿ ಎನ್ನಲಿಲ್ಲ.